ಸಾಲಿನ ಮೊದಲ ಗಾಡಿ

ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗೇಜ್ ರೂಮ್ ಎಂಬ ತಣ್ಣನೆಯ ಕೋಣೆಯಿದೆ. ಹೊರಗೆ ಬಿಸಿಲು ಎಷ್ಟೇ ಕಾಯಲಿ, ಒಳಗೆ ವರ್ಷವಿಡೀ ಇಪ್ಪತ್ತೇ ಡಿಗ್ರಿ. ಕಾರ್ಖಾನೆಯಲ್ಲಿ ಅಳೆಯುವ ಕೆಲಸ ಮಾಡುವ ಪ್ರತಿಯೊಂದು ಉಪಕರಣವೂ ಆರು ತಿಂಗಳಿಗೊಮ್ಮೆ ಅಲ್ಲಿಗೆ ಬಂದು, ತಾನು ಹೇಳುತ್ತಿರುವುದು ನಿಜವೆಂದು ರುಜುವಾತು ಮಾಡಿಕೊಂಡು ಹೋಗಬೇಕು. ಆ ಪರೀಕ್ಷೆ ನಡೆಸುವವನು ಮುನಿರತ್ನ. ಡೆಂಕಣಿಕೋಟೆಯ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಬೆಳೆದು, ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ ಆ ಕೋಣೆಯನ್ನು ಹೊಕ್ಕವನಿಗೆ ಈಗ ನಲವತ್ತಾರು ವರ್ಷ.

ಆ ಕೆಲಸಕ್ಕೊಂದು ಮೊದಲ ನಿಯಮವಿದೆ. ಬಂದ ಉಪಕರಣವನ್ನು ಸರಿಪಡಿಸುವುದಕ್ಕೆ ಮುಂಚೆ, ಬಂದ ಸ್ಥಿತಿಯಲ್ಲಿ ಅದು ಏನು ತೋರಿಸುತ್ತದೆಂದು ಬರೆದುಕೊಳ್ಳಬೇಕು. ತಿರುಪು ಬಿಗಿಸಿ ಆಮೇಲೆ ಅಳೆದರೆ, ಅದು ಇಷ್ಟು ದಿನ ಹೇಳಿದ ಸುಳ್ಳಿನ ಪ್ರಮಾಣ ಯಾರಿಗೂ ತಿಳಿಯದೆ ಹೋಗುತ್ತದೆ. ಮುನಿರತ್ನ ಈ ನಿಯಮವನ್ನು ಎಂದೂ ಮುರಿದವನಲ್ಲ. ಅಂಗಡಿಯ ತಕ್ಕಡಿ, ಡಾಕ್ಟರರ ಬಿ.ಪಿ. ಯಂತ್ರ, ಪತ್ರಿಕೆಯ ಹವಾಮಾನ ವರದಿ ಯಾವುದನ್ನೂ ಅವನು ಹಾಗೆಯೇ ನಂಬುತ್ತಿರಲಿಲ್ಲ. ಮಗಳಿಗೆ ಜ್ವರ ಬಂದರೆ ಅವನು ಎರಡು ಥರ್ಮಾಮೀಟರ್ ಇಡುತ್ತಾನೆಂದು ಹೆಂಡತಿ ಕೋಮಲಾ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಇಂಥವನು ಅಳತೆಯಿಲ್ಲದೆ ಪ್ರೀತಿಸಿದ್ದು ಒಂದನ್ನೇ. ಒಂಬತ್ತು ವರ್ಷದ ಹಿಂದೆ ಕೊಂಡ ಕೆಂಪು ಹಾಟ್ ಹ್ಯಾಚ್. ನೋಡಲು ಸಂಸಾರಸ್ಥರ ಪುಟ್ಟ ಕಾರು, ಒಳಗೆ ಅದರ ಮೈಗೆ ಮೀರಿದ ಇಂಜಿನ್. ಟರ್ಬೋ ಗಿರ್ಬೋ ಏನೂ ಇಲ್ಲದೆ, ತನ್ನ ಉಸಿರನ್ನು ತಾನೇ ಎಳೆದುಕೊಂಡು, ಆರು ಸಾವಿರ ಸುತ್ತು ದಾಟಿದ ಮೇಲೆ ಹಾಡತೊಡಗುವ ಇಂಜಿನ್.

ಮತ್ತಿಗಿರಿಯಲ್ಲಿ ಇಂಥ ಗಾಡಿಗಳ ಹುಚ್ಚಿರುವ ಏಳು ಜನರ ಬಳಗವೊಂದಿದೆ. ಭಾನುವಾರ ಬೆಳಗ್ಗೆ ಆರಕ್ಕೆ ಏಳು ಗಾಡಿಗಳೂ ಸಾಲಾಗಿ ಡೆಂಕಣಿಕೋಟೆಗೆ ಹೋಗಿ, ಇಡ್ಲಿ ತಿಂದು, ಸಾಲಾಗಿ ಮರಳುತ್ತವೆ. ಸಾಲಿನ ಮೊದಲ ಸ್ಥಾನ ಯಾರದೆಂಬುದಕ್ಕೂ ನಿಯಮವಿದೆ. ಅದನ್ನು ಮಾಡಿದವನೂ ಮುನಿರತ್ನನೇ. ಊರಾಚೆ, ಸೈಟುಗಳು ಮಾರಾಟವಾಗದೆ ಬಿದ್ದಿರುವ ಒಂದು ಲೇಔಟ್‌ನಲ್ಲಿ ಮನೆಗಳಿಲ್ಲದ ನಾನೂರು ಮೀಟರಿನ ಏರುದಾರಿಯಿದೆ. ಅದನ್ನು ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಹತ್ತಿದ ಗಾಡಿ ಮುಂದೆ. ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಅಳೆದವನು ಫಲಿತಾಂಶವನ್ನು ಮುನಿರತ್ನನೇ ರೂಪಿಸಿದ ಹಾಳೆಯಲ್ಲಿ ತುಂಬಿ ವಾಟ್ಸಾಪ್ ಗುಂಪಿಗೆ ಹಾಕಬೇಕು. ಅದರಲ್ಲಿ ಉಷ್ಣಾಂಶ, ಟೈರಿನ ಗಾಳಿ, ಪೆಟ್ರೋಲಿನ ಮಟ್ಟ, ಗಾಡಿಯ ಸ್ಥಿತಿ ಎಲ್ಲಕ್ಕೂ ಒಂದೊಂದು ಕಾಲಂ. ಕೆಂಪು ಗಾಡಿಯ ಹದಿನೇಳು ಪಾಯಿಂಟ್ ಒಂಬತ್ತು ಸೆಕೆಂಡನ್ನು ಒಂಬತ್ತು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ.

ಹೀಗಿರುವಾಗ ಕಂಪನಿಯವರು ಆ ಮಾದರಿಯನ್ನು ನಿಲ್ಲಿಸಿ, ಅದೇ ಹೆಸರಿನಲ್ಲಿ ಹೊಸದೊಂದನ್ನು ತಂದರು. ಇಂಜಿನ್ ಚಿಕ್ಕದಾಗಿತ್ತು. ಆದರೆ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರವೊಂದು ಅದರೊಳಗೆ ಗಾಳಿಯನ್ನು ತುರುಕುತ್ತಿತ್ತು. ಟರ್ಬೋ ಎಂದರೆ ಅದೇ.

ಮುನಿರತ್ನ ಅದರ ಮೇಲೆ ಬರೆಯತೊಡಗಿದ. ಕಾರುಪ್ರಿಯರ ಜಾಲತಾಣದಲ್ಲಿ, ಬಳಗದ ಗುಂಪಿನಲ್ಲಿ, ದಿನಕ್ಕೊಂದು ಟಿಪ್ಪಣಿ. ಸ್ಟೀರಿಂಗ್ ಕೈಗೆ ಏನನ್ನೂ ಹೇಳುವುದಿಲ್ಲ. ಗುಡುಗು ಇಂಜಿನ್ನಿನದಲ್ಲ, ಸ್ಪೀಕರಿನದು. ತೂಕ ತೊಂಬತ್ತು ಕಿಲೋ ಹೆಚ್ಚು. ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಲಿಫ್ಟಿನ ಗುಂಡಿಯಂಥದೊಂದು ಗುಂಡಿ. ಒಂದು ದಿನ, ಈ ಗಾಡಿಗೆ ಆತ್ಮವಿಲ್ಲ ಎಂದೂ ಬರೆದ. ಬೇರೆಯವರು ಆ ಮಾತು ಬರೆದಾಗಲೆಲ್ಲ, ಆತ್ಮವನ್ನು ಯಾವ ಗೇಜಿನಿಂದ ಅಳೆದಿರಿ ಎಂದು ಕೇಳುತ್ತಿದ್ದವನು ಅವನೇ.

ಅಲ್ಲಿಯವರೆಗೆ ಅದು ಬರೀ ಅಭಿಪ್ರಾಯವಾಗಿತ್ತು. ತಿಲಕ್ ಆ ಗಾಡಿಯನ್ನು ಕೊಂಡ ದಿನ ಅದಕ್ಕೆ ಹೊಟ್ಟೆಯುರಿಯ ಮೈ ಬಂತು. ತಿಲಕ್ ಅರಸೀಕೆರೆ ಕಡೆಯವನು, ಮೂವತ್ತೊಂದು ವರ್ಷ, ಅದೇ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿದ್ದ. ಬಳಗಕ್ಕೆ ಅವನನ್ನು ಕರೆತಂದವನು ಮುನಿರತ್ನ. ಗೇರ್ ಬದಲಿಸುವ ಹದ ಕಲಿಸಿದವನೂ ಅವನೇ. ಅವನ ಹೊಸ ನೀಲಿ ಗಾಡಿ ಕಾರ್ಖಾನೆಯ ಪಾರ್ಕಿಂಗಿನಲ್ಲಿ ಕೆಂಪು ಗಾಡಿಯ ಪಕ್ಕದಲ್ಲೇ ನಿಲ್ಲತೊಡಗಿತು. ಶಿಫ್ಟ್ ಮುಗಿಸಿ ಬಂದವರೆಲ್ಲ ನೀಲಿಯ ಸುತ್ತ ನಿಂತು, ನೋಡುವ ಅನುಕೂಲಕ್ಕಾಗಿ ಕೆಂಪಿನ ಬಾನೆಟ್ಟಿಗೆ ಒರಗುತ್ತಿದ್ದರು.

ಮುನಿರತ್ನ ಆ ಗಾಡಿಯ ಕೈಪಿಡಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿದ. ದೋಷ ಹುಡುಕಲು ಎಂದುಕೊಂಡೇ ಓದಿದ. ಆಮೇಲೆ ಆ ನೆಪವೂ ಇಲ್ಲದೆ ಎರಡನೆಯ ಸಲ ಓದಿದ. ಹದಿನೈದು ದಿನ ಕಳೆಯುವಷ್ಟರಲ್ಲಿ, ಕೊಂಡವನಿಗಿಂತ ಕೊಳ್ಳದವನಿಗೆ ಆ ಗಾಡಿ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನ ಒಂದು ಭಾನುವಾರ ತಿಲಕ್ ಏರುದಾರಿಗೆ ಬಂದ. ಮುನಿರತ್ನ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕುಳಿತ. ಮತ್ತಿಗಿರಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಶಶಿಕುಮಾರ್, ಬಾವುಟದ ಬದಲು ಟವೆಲ್ ಹಿಡಿದು ನಿಂತವನು, ಕಿಟಕಿಯೊಳಗೆ ಬಗ್ಗಿದ.

“ಏನ್ ಮುನಿಯಣ್ಣ, ಮಕ ಯಾಕಿಂಗೈತೆ? ಸವತಿ ಮನ್ಯಾಗೆ ಊಟಕ್ಕೆ ಕುಂತಂಗೆ!”

“ಬಾಯ್ ಮುಚ್ಕಂಡು ಟವೆಲ್ ಬೀಸ್ಲಾ,” ಎಂದ ಮುನಿರತ್ನ.

ತಿಲಕ್ ಗಾಡಿಯನ್ನು ಚಾಲೂ ಮಾಡಿದ. ಮೀಟರುಗಳ ನಡುವೆ ಸಣ್ಣದೊಂದು ಹಸಿರು ಎಲೆ ಹೊತ್ತಿಕೊಂಡಿತು. ಮುನಿರತ್ನನ ಕಣ್ಣು ಅಲ್ಲೇ ನಿಂತಿತು. ಗಾಡಿ ಪೆಟ್ರೋಲ್ ಉಳಿಸುವ ಇಕೋ ಮೋಡ್‌ನಲ್ಲಿದೆ ಎಂಬುದರ ಗುರುತು ಅದು. ಇಂಜಿನ್ನಿನ ಪೂರ್ತಿ ಶಕ್ತಿ ಬೇಕಾದರೆ ಸ್ಪೋರ್ಟ್ ಗುಂಡಿ ಒತ್ತಬೇಕು. ಒತ್ತಿದ್ದರೂ, ಗಾಡಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅದು ತಾನಾಗಿ ಇಕೋಗೆ ಮರಳುತ್ತದೆ. ಕೈಪಿಡಿಯ ನೂರಾ ಹನ್ನೆರಡನೆಯ ಪುಟ.

“ಸ್ಪೋರ್ಟ್ ಮೋಡ್ ಮನೇಲೇ ಹಾಕ್ಕೊಂಡು ಬಂದಿದ್ದೀನಿ ಸರ್. ರೆಡಿನಾ?” ಎಂದ ತಿಲಕ್.

ಒಂದು ಮಾತು ಸಾಕಿತ್ತು. ಬಂದ ಉಪಕರಣವನ್ನು ಅಳೆಯುವ ಮುನ್ನ ಮುಟ್ಟಬಾರದು ಎಂಬ ನಿಯಮ ಆ ಕ್ಷಣದಲ್ಲೇ ಮುನಿರತ್ನನ ನೆನಪಿಗೆ ಬಂತು; ಅದು ಎಷ್ಟು ಬೇಗ ಬಂತೆಂಬುದು ಆಮೇಲೆ ಅವನನ್ನು ಕಾಡಿತು.

“ರೆಡಿ,” ಎಂದ.

ಹದಿನೆಂಟು ಪಾಯಿಂಟ್ ಮೂರು. ಇನ್ನೆರಡು ಸಲ ಹತ್ತಿಸಿದರೂ ಅಷ್ಟೇ.

“ಅಲ್ಲ ಕಣ್ಲಾ ತಿಲಕಾ, ಅದು ಟರ್ಬೋನಾ ಇಲ್ಲ ಟೇಬಲ್ ಫ್ಯಾನಾ?” ಎಂದು ಶಶಿಕುಮಾರ್ ಟವೆಲ್ಲಿನಿಂದ ನೀಲಿ ಬಾನೆಟ್ಟಿಗೆ ಗಾಳಿ ಬೀಸಿದ. ಎಲ್ಲರೂ ನಕ್ಕರು. ತಿಲಕ್ ಕೂಡ ನಗಲು ಯತ್ನಿಸಿ, ಮುನಿರತ್ನನ ಕಡೆ ತಿರುಗಿದ.

“ನೀವು ಹೇಳಿದ್ದೇ ಸರಿ ಸರ್. ನಾನು ಪೇಪರ್ ಮೇಲಿನ ನಂಬರ್ ನೋಡಿ ಮೋಸ ಹೋದೆ.”

ಅಂದು ಕೆಂಪು ಗಾಡಿ ಎಂದಿನಂತೆ ಮುಂದೆ ಹೋಯಿತು. ಕನ್ನಡಿಯಲ್ಲಿ ಕಾಣುತ್ತಿದ್ದ ನೀಲಿಯನ್ನು ನೋಡಿ ಮುನಿರತ್ನನಿಗೆ ಸಂತೋಷವಾಯಿತು. ಸುಳ್ಳಲ್ಲ, ನಿಜವಾದ ಸಂತೋಷವೇ ಆಯಿತು. ಡೆಂಕಣಿಕೋಟೆಯ ಇಡ್ಲಿಯೂ ಎಂದಿಗಿಂತ ಮೆತ್ತಗಿತ್ತು.

ಸಂಜೆ ಊಟದ ಮೇಜಿನ ಮೇಲೆ ಅವನು ಹಾಳೆ ತುಂಬಲು ಕುಳಿತ. ಎದುರಿಗೆ ಕೋಮಲಾ ಅವರೆಕಾಯಿ ಸುಲಿಯುತ್ತಿದ್ದಳು. ಉಷ್ಣಾಂಶ, ಗಾಳಿ, ಪೆಟ್ರೋಲ್, ಎಲ್ಲ ತುಂಬಿದ. ‘ಗಾಡಿಯ ಸ್ಥಿತಿ’ ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಅಷ್ಟರಲ್ಲಿ ತಿಲಕ್ ಗುಂಪಿನಲ್ಲಿ ಬರೆದಿದ್ದ: ‘ಮುನಿ ಸರ್ ಅಳತೆ ಅಂದ್ಮೇಲೆ ಮುಗೀತು. ಮುಂದಿನ ತಿಂಗಳು ಈ ಗಾಡಿ ಕೊಟ್ಟು ಹಳೇ ಮಾಡೆಲ್ ಹುಡುಕ್ತೀನಿ.’

“ಏನ್ರೀ, ಒಂದು ಮೊರ ಕಾಯಿ ಸುಲಿದ್ರೂ ಒಂದು ಗೆರೆ ಬರೀಲಿಲ್ವಲ್ಲ,” ಎಂದಳು ಕೋಮಲಾ. “ಗೆದ್ದೋರ ಮಕ ಇಂಗಿರಲ್ಲ. ಏನ್ ಮಾಡಿ ಬಂದ್ರಿ?”

ಅವನು ಹೇಳಿದ. ಹಸಿರು ಎಲೆ, ನೂರಾ ಹನ್ನೆರಡನೆಯ ಪುಟ, ಎಲ್ಲ. ಕೊನೆಗೆ, “ಗಾಡಿ ಬಂದಂಗೆ ಅಳೆದೆ ಕಣೆ. ಅಳೆಯೋಕೆ ಮುಂಚೆ ನಾವು ಮುಟ್ಟೋಂಗಿಲ್ಲ. ಅದು ನಮ್ ಕೆಲಸದ ರೂಲು,” ಎಂದ.

ಕೋಮಲಾ ಕೈಯಲ್ಲಿದ್ದ ಕಾಯನ್ನು ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿದಳು.

“ಸರಿ. ಅಂಗಾದ್ರೆ ಬಂದಂಗೇ ಬರೀರಿ. ಯಾಕೆ ನಿಲ್ಸಿದ್ರಿ?”

ನಿಯಮದ ಅರ್ಧವನ್ನು ಮುನಿರತ್ನ ಏರುದಾರಿಯಲ್ಲಿ ಬಳಸಿಕೊಂಡಿದ್ದ. ಇನ್ನರ್ಧ ಈಗ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಬಂದ ಸ್ಥಿತಿಯಲ್ಲಿ ಅಳೆಯಬೇಕು ಎನ್ನುವ ನಿಯಮವೇ ಆ ಸ್ಥಿತಿ ಯಾವುದೆಂದು ಬರೆಯಬೇಕು ಎಂದೂ ಹೇಳುತ್ತದೆ. ಬರೆದರೆ ಸಾಲಿನ ಮೊದಲ ಸ್ಥಾನ ಹೋಗುತ್ತದೆ. ಬರೆಯದಿದ್ದರೆ ಆ ಸ್ಥಾನ ಉಳಿಯುತ್ತದೆ, ತಿಲಕ್ ಒಳ್ಳೆಯ ಗಾಡಿಯೊಂದನ್ನು ಮಾರುತ್ತಾನೆ, ನಾಳೆ ಬೆಳಗ್ಗೆ ಗೇಜ್ ರೂಮಿನಲ್ಲಿ ಮುನಿರತ್ನ ಇದೇ ಕೈಯಿಂದ ಇನ್ನೊಂದು ಉಪಕರಣದ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ.

ಅವನು ಬರೆದ: ‘ಇಕೋ ಮೋಡ್. ಓಡಿಸಿದವನಿಗೆ ತಿಳಿದಿರಲಿಲ್ಲ. ಅಳೆದವನಿಗೆ ತಿಳಿದಿತ್ತು.’ ಹಾಳೆಯ ಚಿತ್ರ ತೆಗೆದು ಗುಂಪಿಗೆ ಕಳಿಸಿದ.

ಇಪ್ಪತ್ತು ನಿಮಿಷದ ಮೇಲೆ ಶಶಿಕುಮಾರ್, ‘ಅಣ್ಣೋ, ನೀನಾ?’ ಎಂದ. ತಿಲಕ್, ‘ಗೊತ್ತಿತ್ತಾ ಸರ್?’ ಎಂದಷ್ಟೇ ಕೇಳಿದ. ‘ಗೊತ್ತಿತ್ತು’ ಎಂದು ಮುನಿರತ್ನ ಉತ್ತರಿಸಿದ.

ಆ ವಾರವೆಲ್ಲ ತಿಲಕ್ ಕ್ಯಾಂಟೀನಿನಲ್ಲಿ ಬೇರೆ ಮೇಜಿಗೆ ಕುಳಿತ. ನೀಲಿ ಗಾಡಿ ಪಾರ್ಕಿಂಗಿನ ಇನ್ನೊಂದು ತುದಿಗೆ ಹೋಯಿತು. ಕೆಂಪು ಬಾನೆಟ್ಟಿಗೆ ಒರಗುವವರೂ ಇಲ್ಲವಾದರು. ಮುನಿರತ್ನನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಕೆಳಗೆ ಹೊಟ್ಟೆಯುರಿ ಎಲ್ಲಿತ್ತೋ ಅಲ್ಲೇ ಇತ್ತು, ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ತಪ್ಪನ್ನು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆಂದು ಅವನು ಎಲ್ಲೆಲ್ಲೋ ಓದಿದ್ದ; ಯಾರೂ ಅಳೆದು ನೋಡಿದಂತಿಲ್ಲ ಎಂದುಕೊಂಡ.

ಮುಂದಿನ ಭಾನುವಾರ ತಿಲಕ್ ಬಂದ. ಮುಖ ಗಂಟಿಕ್ಕಿಕೊಂಡೇ ಪಕ್ಕದ ಸೀಟಿನ ಬಾಗಿಲು ತೆರೆದ.

“ಬನ್ನಿ ಸರ್. ನೀವೇ ಅಳೀಬೇಕು.”

“ಬ್ಯಾರೆಯೋರು ಅಳೀಲಿ ಬುಡಪ್ಪ.”

“ಬೇರೆಯವರಾದ್ರೆ ಆ ಕಾಲಂ ತುಂಬ್ತಾ ಇರ್ಲಿಲ್ಲ.”

ಮುನಿರತ್ನ ಕುಳಿತ. ಕೈ ಚಾಚಿ ತಾನೇ ಸ್ಪೋರ್ಟ್ ಗುಂಡಿ ಒತ್ತಿದ. ಹಸಿರು ಎಲೆ ಆರಿ ಕೆಂಪು ದೀಪ ಹತ್ತಿತು. ಟವೆಲ್ ಬೀಸಿದ್ದೇ ತಡ, ಸೀಟು ಅವನ ಬೆನ್ನನ್ನು ಒದ್ದಿತು. ಎರಡನೆಯ ಗೇರಿನಲ್ಲಿ ಆ ನೂಕು ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವನ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು. ಸ್ಪೀಕರಿನ ಗುಡುಗಿನಲ್ಲಿ ಅದು ತಿಲಕನಿಗೆ ಕೇಳಲಿಲ್ಲವೆಂದು ಅವನು ಇಂದಿಗೂ ನಂಬಿದ್ದಾನೆ.

“ಹದಿನಾರು ಪಾಯಿಂಟ್ ನಾಲ್ಕು,” ಎಂದು ತಾನೇ ಕೂಗಿದ.

ಎರಡನೆಯ ಸಲ ಹದಿನಾರು ಪಾಯಿಂಟ್ ಐದು. ಮೂರನೆಯ ಸಲ ಮತ್ತೆ ನಾಲ್ಕು. ಸೋಲಿಗಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು ಆ ಮೂರೂ ಅಂಕಿಗಳ ಒಗ್ಗಟ್ಟು. ಕೆಂಪು ಗಾಡಿ ಅವನ ಕೈಯಲ್ಲಿ ಒಂದು ದಿನವೂ ಹೀಗೆ ಮೂರೂ ಸಲ ಒಂದೇ ಮಾತನ್ನಾಡಿರಲಿಲ್ಲ.

ಶಶಿಕುಮಾರ್ ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದ. ಏನೋ ತಮಾಷೆಗೆ ಬಾಯಿ ತೆರೆದವನು, ಮುನಿರತ್ನನ ಮುಖ ನೋಡಿ, “ಸರಿ ಪಾ, ಹೊರಡಾಣ. ಇಡ್ಲಿ ಆರೋಯ್ತದೆ,” ಎಂದ.

ಮುನಿರತ್ನ ಕೆಂಪು ಗಾಡಿಯನ್ನು ಎರಡನೆಯ ಜಾಗದಲ್ಲಿ ನಿಲ್ಲಿಸಿದ. ಮುಂದಿದ್ದ ತಿಲಕ್ ಹೊರಡದೆ ಇಳಿದು ಹಿಂದಕ್ಕೆ ಬಂದ.

“ಸರ್, ಆನೆ ವಿಷಯ ಕೇಳೋದು ಯಾರನ್ನ?”

ಡೆಂಕಣಿಕೋಟೆಯ ದಾರಿಯಲ್ಲಿ ರಾಗಿ ಹೊಲಕ್ಕೆ ಆನೆಗಳು ಇಳಿದಿವೆಯೋ ಇಲ್ಲವೋ ಎಂದು ಮೊದಲ ಗಾಡಿಯವನು ಕೇಳಿಕೊಂಡ ಮೇಲೆಯೇ ಸಾಲು ಹೊರಡುತ್ತಿತ್ತು. ಮುನಿರತ್ನ ಹಳ್ಳಿಯಲ್ಲಿದ್ದ ತನ್ನ ಚಿಕ್ಕಪ್ಪ ಲಕ್ಷ್ಮಣಪ್ಪನಿಗೆ ಫೋನ್ ಮಾಡಿದ. “ರಾತ್ರೀನೇ ದಾಟ್ಕಂಡು ಓದ್ವು, ಬರ್ರಲಾ,” ಎಂಬ ಮಾತು ತಿಲಕನಿಗೂ ಕೇಳಿಸಿತು. ಅವನು ತಲೆಯಾಡಿಸಿ ಮುಂದಕ್ಕೆ ಹೋದ.

ಇಡ್ಲಿ ತಿನ್ನುವಾಗ ತಿಲಕ್ ಬೀಗದ ಕೈಯನ್ನು ಮುನಿರತ್ನನ ತಟ್ಟೆಯ ಪಕ್ಕಕ್ಕೆ ತಳ್ಳಿದ. “ವಾಪಸ್ ಹೋಗೋವಾಗ ನೀವು ಓಡಿಸಿ ಸರ್.”

“ಬ್ಯಾಡ. ಸ್ಟೀರಿಂಗ್ ಸರಿಯಿಲ್ಲ ಅದರದು.”

“ಹಿಡೀದೇನೇ ಗೊತ್ತಾಯ್ತಾ?” ಎಂದ ಶಶಿಕುಮಾರ್.

ಮುನಿರತ್ನ ಚಟ್ನಿ ಕೇಳಿದ. ಹಿಡಿದರೆ ಏನಾಗುತ್ತದೆಂದು ಅವನಿಗೆ ಸಾಕಷ್ಟು ಗೊತ್ತಿತ್ತು. ಆ ಒಂದು ಅಳತೆಯನ್ನು ಮಾತ್ರ ತೆಗೆದುಕೊಳ್ಳುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ.

ಮರಳುವಾಗ ತಿಲಕ್ ಗಾಡಿ ಚಾಲೂ ಮಾಡಿ ಹಾಗೆಯೇ ಹೊರಟುಬಿಟ್ಟ. ಊರು ದಾಟಿದ ಮೊದಲ ಏರಿನಲ್ಲೇ ನೀಲಿ ಗಾಡಿ ಮುಗ್ಗರಿಸುವಂತೆ ನಿಧಾನವಾದದ್ದು ಮುನಿರತ್ನನಿಗೆ ಕಂಡಿತು. ಎಲೆ ಮತ್ತೆ ಹೊತ್ತಿಕೊಂಡಿದೆ. ಹುಡುಗ ಮತ್ತೆ ಮರೆತಿದ್ದಾನೆ. ಕೆಂಪು ಗಾಡಿ ಅದರ ಬೆನ್ನಿಗೆ ಅಂಟಿಕೊಂಡು, ಮೂರನೆಯ ಗೇರಿನಲ್ಲಿ, ಬಾಯ್ತುಂಬ ಹಾಡುತ್ತ ಹತ್ತಿತು. ಬೇಕೆಂದರೆ ದಾಟಿ ಹೋಗಬಹುದಿತ್ತು. ಮುನಿರತ್ನ ಆ ಸುಖವನ್ನು ಸರಿಯಾಗಿ ಎರಡು ಕಿಲೋಮೀಟರ್ ಅನುಭವಿಸಿದ, ಮೀಟರ್ ನೋಡಿಕೊಂಡಿದ್ದ.

ಆಮೇಲೆ ಎರಡು ಸಲ ಲೈಟ್ ಮಿನುಗಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

“ಗುಂಡಿ ಒತ್ಲಾ!”

ಮುಂದಿನ ಗಾಡಿಯ ಕಿಟಕಿಯಿಂದ ಒಂದು ಕೈ ಹೊರಬಂದು ಆಡಿತು. ಮರುಕ್ಷಣ ನೀಲಿ ಗಾಡಿ ತಿರುವಿನಲ್ಲಿ ಮರೆಯಾಯಿತು.