ಮೆಟ್ಟಿಲಲ್ಲಿ ಕೂತ ಗರಡಿ ಮಾಸ್ಟರ್

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮಾಸ್ಟರ್ ಅವರ ಎಡಗಿವಿಯ ಕಡೆ ಮಾಸ್ಕ್ ಜಾರಿತು. ಆ ಕಿವಿಯಲ್ಲಿ ದಾರ ನಿಲ್ಲುತ್ತಿರಲಿಲ್ಲ. ಹರೆಯದಲ್ಲಿ ಕುಸ್ತಿ ಮಾಡುವಾಗ ಎದುರಾಳಿಗಳ ತಲೆಗೆ, ಮೊಣಕೈಗೆ ಸಿಕ್ಕಿ ಸಿಕ್ಕಿ ಅದು ಒಣ ಅಂಜೂರದ ಹಾಗೆ ಮುದುಡಿಹೋಗಿತ್ತು. ಅದಕ್ಕೇ ಅವರು ಆ ಕಡೆಯ ದಾರಕ್ಕೆ ಒಂದು ಲಾಡಿ ಕಟ್ಟಿ, ತಲೆಯ ಹಿಂದಿನಿಂದ ಎಳೆದು ಬಲಗಿವಿಗೆ ಸುತ್ತಿಕೊಳ್ಳುತ್ತಿದ್ದರು. ಆ ದಿನ ಬೆವರಿಗೆ ಲಾಡಿ ಬಿಚ್ಚಿಕೊಂಡಿತು. ನಾನು ಇದನ್ನು ನೋಡಿದ್ದು ಎನ್.ಆರ್. ಕಾಲೋನಿಯ ನಮ್ಮ ಎರಡನೇ ಮಹಡಿ ಮನೆಯ ಗ್ರಿಲ್ ಗೇಟಿನ ಒಳಗೆ ನಿಂತು. ಹನ್ನೊಂದೂವರೆಗೆ ಕಚೇರಿಯ ಮೀಟಿಂಗ್ ಇತ್ತು, ಮೇಲಿಂದ ಮೇಲೆ ಗಡಿಯಾರ ನೋಡುತ್ತಿದ್ದೆ. ಹಾಗಾಗಿ ಹೊತ್ತು ಇಷ್ಟು ಸರಿಯಾಗಿ ನೆನಪಿದೆ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರ ಜಿಮ್ ಇತ್ತು. ಒಂದು ಕಾಲಕ್ಕೆ ಅದು ಅವರ ಗುರುಗಳ ಗರಡಿಮನೆ. ಕುಸ್ತಿ ಆಡುವವರು ಕಡಿಮೆಯಾಗುತ್ತ ಬಂದ ಹಾಗೆ ಕೆಂಪು ಮಣ್ಣಿನ ಅಂಕಣದ ಮೇಲೆ ಸಿಮೆಂಟು ಬಿತ್ತು, ಗೋಡೆಗೆ ಕನ್ನಡಿ ಬಂತು, ಟ್ರೆಡ್‌ಮಿಲ್ ಬಂತು. ಆಂಜನೇಯನ ಪಟ ಮಾತ್ರ ಇದ್ದಲ್ಲೇ ಇತ್ತು. ನಲವತ್ತು ದಾಟಿ ಮೊಣಕಾಲು ಕೈಕೊಟ್ಟಾಗ ನಾನು ಅಲ್ಲಿನ ಹೆಂಗಸರ ಬ್ಯಾಚಿಗೆ ಸೇರಿದೆ. ಮೊದಲ ದಿನವೇ ಮಾಸ್ಟರ್ ನನ್ನ ನಡಿಗೆ ನೋಡಿ, "ನಿಮ್ಮ ಮೊಣಕಾಲಿಗೆ ಏನೂ ಆಗಿಲ್ಲ ಕಣಮ್ಮ. ಅದಕ್ಕೆ ನಿಮಗಿಂತ ಸೋಮಾರಿತನ ಜಾಸ್ತಿ, ಅಷ್ಟೆ" ಅಂದರು.

ಅವರ ಎಣಿಕೆ ಒಂದು ಮೋಸ. ಬೈಠಕ್ ಹೊಡೆಸುವಾಗ ಏಳು, ಎಂಟು, ಒಂಬತ್ತು ಎನ್ನುತ್ತಾ ಬಂದು ಮತ್ತೆ ಏಳಕ್ಕೆ ಹೋಗಿಬಿಡುತ್ತಿದ್ದರು.

"ಮಾಸ್ಟರ್, ಏಳು ಆಗ್ಲೇ ಆಯ್ತಲ್ಲ."

"ಆಯ್ತಾ? ನಾನು ಓದಿದವನಲ್ಲಮ್ಮ, ಲೆಕ್ಕ ತಪ್ಪತ್ತೆ. ನೀವು ಇನ್ಶೂರೆನ್ಸ್ ಆಫೀಸ್‌ನೋರು, ಎಣಿಸ್ಕೊಳಿ. ಎಂಟು…"

ಹೀಗೆ ಬೈಸಿಕೊಂಡು, ನಗುತ್ತಾ, ಎರಡು ವರ್ಷದಲ್ಲಿ ನಾನು ಗೋಡೆ ಹಿಡಿಯದೆ ಮೆಟ್ಟಿಲು ಹತ್ತುವಂತಾದೆ.

ಅವರದ್ದು ಇನ್ನೊಂದು ಪದ್ಧತಿ ಇತ್ತು. ಯಾರಾದರೂ ಜಿಮ್ ಬಿಡುವುದಾದರೆ ಒಮ್ಮೆ ಬಂದು, ಅವರ ಜೊತೆಗೆ ನಿಂತು ಆಂಜನೇಯನಿಗೆ ಕೈಮುಗಿದು, ಹಣೆಗೆ ಕುಂಕುಮ ಇಡಿಸಿಕೊಂಡು ಹೋಗಬೇಕು. ಗುರುಗಳ ಕಾಲದಿಂದ ಹಾಗೆ. ಹೇಳದೆ ಬಿಟ್ಟು ಹೋದವರ ಮೈಗೆ ಏನಾದರೂ ಪೆಟ್ಟಾಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಊರು ಬಿಟ್ಟು ಹೋಗುವ ಹುಡುಗರು ಬಸ್ಸಿಗೆ ಹೊತ್ತಾಯಿತೆಂದು ಒದ್ದಾಡುತ್ತಲೇ ಬಂದು ಹಣೆ ಒಡ್ಡಿ ಹೋಗುವುದನ್ನು ನಾನೇ ಕಂಡಿದ್ದೆ. ಕಂಡೂ ನನಗೆ ಅರ್ಥವಾಗಿರಲಿಲ್ಲ.

ಕೊರೊನಾ ಬಂದು ಜಿಮ್‌ಗಳೆಲ್ಲ ಮುಚ್ಚಿದವು. ನಾನು ಆಗತಾನೆ ವರ್ಷದ ಮೆಂಬರ್‌ಶಿಪ್ ಕಟ್ಟಿದ್ದೆ. ಕಚೇರಿಯಲ್ಲಿ ಸಂಬಳ ಕಡಿತವಾಯಿತು. ಮನೆಯಲ್ಲಿ ಅಮ್ಮನಿಗೆ ಉಬ್ಬಸ, ಔಷಧಿಯ ಖರ್ಚು. ಕರಾರು ಪತ್ರ ತೆಗೆದು ಓದಿದೆ. ಯಾವುದೋ ದೊಡ್ಡ ಜಿಮ್ಮಿನದ್ದನ್ನು ಹಾಗೇ ಇಳಿಸಿ ಅಚ್ಚು ಹಾಕಿಸಿದ್ದ ಪತ್ರ ಅದು. ಮಾಸ್ಟರ್ ಅದನ್ನು ಓದಿರಲೂ ಇಲ್ಲ. ಜಿಮ್ ಮುಚ್ಚಿದ್ದರೆ ಸದಸ್ಯರು ರದ್ದು ಮಾಡಿ ಉಳಿದ ಹಣ ವಾಪಸು ಪಡೆಯಬಹುದು ಎಂದು ಅದರಲ್ಲಿತ್ತು. ಫೋನ್ ಮಾಡಿದೆ.

"ಕ್ಯಾನ್ಸಲ್ ತಾನೇ? ಮಾಡ್ಕೊಡ್ತೀನಿ ಬಿಡಿ" ಅಂದರು. "ಆದ್ರೆ ಹಂಗೆ ಬಿಟ್ಟು ಹೋಗಬಾರ್ದಮ್ಮ. ಒಂದ್ಸಲ ಬಂದು ಹೋಗಿ."

"ಹೊರಗೆ ಬರೋ ಹಂಗಿಲ್ಲ ಮಾಸ್ಟರ್. ಅಮ್ಮ ಇದಾರೆ."

"ಹಂಗಾದ್ರೆ ಎಲ್ಲಾ ತೆಗೀಲಿ, ಆಮೇಲೆ ಬನ್ನಿ. ಅವಾಗ್ಲೇ ಕೊಡ್ತೀನಿ."

ಹಣ ಕೊಡದೆ ಎಳೆದಾಡುವವರು ಹೀಗೇ ಮಾತಾಡುತ್ತಾರೆ ಎಂದು ನನಗೆ ಅನ್ನಿಸಿತು. ನನ್ನ ಕೆಲಸವೇ ಅಂಥ ಮಾತುಗಳನ್ನು ದಿನವೂ ಕೇಳುವುದು. ಆ ಸಂಜೆ ಅವರಿಗೊಂದು ಮೆಸೇಜ್ ಬರೆದೆ. ಕರಾರಿನ ಇಂಥ ಷರತ್ತಿನ ಪ್ರಕಾರ, ಒಂದು ವಾರದೊಳಗೆ, ಇಲ್ಲವಾದರೆ ಗ್ರಾಹಕರ ವೇದಿಕೆಗೆ. ಕಚೇರಿಯ ಭಾಷೆ, ಎಲ್ಲಿಯೂ ಒಂದು ತಪ್ಪಿಲ್ಲ. ಅಷ್ಟಕ್ಕೇ ಬಿಡದೆ ಅದನ್ನೇ ಜಿಮ್ಮಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಅದನ್ನು ನೋಡಿ ಇನ್ನೂ ಕೆಲವರು ರದ್ದು ಮಾಡಿ ಎಂದರು. ಮಾಸ್ಟರ್ ಉತ್ತರ ಕೊಡಲಿಲ್ಲ. ಹೊರಗೆ ಬರಲಾಗದವಳನ್ನು ಬನ್ನಿ ಎಂದದ್ದಕ್ಕೆ ನನಗೆ ಸಿಟ್ಟು ಬಂದಿದೆ, ತಾವೇ ನಮ್ಮ ಮನೆಗೆ ಬರಬೇಕಿತ್ತು ಎಂದು ಅವರು ತಿಳಿದುಕೊಂಡಿದ್ದರಂತೆ. ಇದನ್ನು ಅವರ ಹೆಂಡತಿ ಬಹಳ ದಿನ ಕಳೆದ ಮೇಲೆ ಹೇಳಿದರು.

ಹಾಗೆ ಅವರೇ ಬಂದರು. ಸ್ಕೂಟರಿನಲ್ಲಿ, ಬಟ್ಟೆಯ ಚೀಲದಲ್ಲಿ ಒಂದು ಜೊತೆ ಡಂಬೆಲ್ ಇಟ್ಟುಕೊಂಡು. ಎರಡು ಮಹಡಿ ಹತ್ತಿ ಚೀಲವನ್ನು ನಮ್ಮ ಗೇಟಿನ ಮುಂದೆ ಇಳಿಸಿದರು.

"ಜಿಮ್ ಬಿಟ್ಟು ಹೋದ್ರೂ ಮಂಡಿ ಕಸರತ್ತು ಬಿಡಬಾರ್ದು. ಇದು ನಿಮ್ಮಲ್ಲೇ ಇರ್ಲಿ. ಒಳಗೆ ಕವರ್‌ನಲ್ಲಿ ನಿಮ್ಮ ದುಡ್ಡಿದೆ, ಕುಂಕುಮನೂ ತಂದಿದೀನಿ."

"ಅಲ್ಲೇ ಇಟ್ಟು ಹೋಗಿ ಮಾಸ್ಟರ್" ಅಂದೆ.

ಅವರು ಹಣೆ ಒರೆಸಿಕೊಂಡರು. ಆಗಲೇ ಮಾಸ್ಕ್ ಜಾರಿದ್ದು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಿಧಾನಕ್ಕೆ ಮೆಟ್ಟಿಲ ಮೇಲೆ ಕೂತು, "ಒಂಚೂರು ನೀರು ಕೊಡಿ" ಅಂದರು. ಕೆಮ್ಮಿದರು. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ಬೀಗದ ಕೈಯನ್ನು ಬೀಗಕ್ಕೆ ಹಾಕಿದೆ. ತಿರುಗಿಸಲಿಲ್ಲ.

"ಮಾಸ್ಟರ್, ಮೊದ್ಲು ಮಾಸ್ಕ್ ಹಾಕ್ಕೊಳಿ" ಅಂದೆ.

ಅವರು ನನ್ನ ಮಾತು ಕೇಳಿದರು. ಎಡಗೈ ಎತ್ತಲು ನೋಡಿದರು, ಅದು ಭುಜದ ತನಕ ಬಂದು ಬಿದ್ದುಹೋಯಿತು. ಬಲಗೈಯಲ್ಲಿ ಲಾಡಿ ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು. ನಾನು ಗ್ರಿಲ್ಲಿನ ಈ ಕಡೆ, ಒಂದು ಕೈಯಲ್ಲಿ ನೀರು, ಇನ್ನೊಂದು ಕೈ ಬೀಗದ ಮೇಲೆ, ಅವರು ಮಾಸ್ಕ್ ಸರಿಮಾಡಿಕೊಳ್ಳಲಿ ಎಂದು ಕಾಯುತ್ತಾ ನಿಂತಿದ್ದೆ. ಎಷ್ಟು ಹೊತ್ತು ಎಂದು ನನಗೆ ಈಗಲೂ ಗೊತ್ತಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ನನ್ನ ಹಿಂದೆ ಬಂದರು.

"ಆ ಮನುಷ್ಯ ಬೀಳ್ತಿದಾರೆ ಕಣೇ. ನೀನು ಮಾಸ್ಕಿನ ಪಾಠ ಹೇಳ್ತಾ ನಿಂತಿದೀಯಲ್ಲ."

ಆಮೇಲೆ ಬೀಗ ತೆಗೆದೆ. ಅಷ್ಟರಲ್ಲಿ ಅವರು ಗೋಡೆಗೆ ವಾಲಿದ್ದರು. ಕೆಳಗಿನ ಮನೆಯವರು ಕಾರು ತೆಗೆದರು. ಅವರೂ ನಾನೂ ಸೇರಿ ಆ ಪೈಲ್ವಾನನ ಮೈಯನ್ನು ಎರಡು ಮಹಡಿ ಹೇಗೆ ಇಳಿಸಿದೆವೋ. ಕೊರೊನಾ ಅಲ್ಲ, ಹೃದಯ ಎಂದರು ಆಸ್ಪತ್ರೆಯಲ್ಲಿ. "ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು" ಎಂದು ಡಾಕ್ಟರು ಹೇಳಿದಾಗ ಕೆಳಗಿನ ಮನೆಯವರು ನನ್ನ ಕಡೆ ನೋಡಿ, "ಪುಣ್ಯ, ಇವರು ಮನೇಲಿದ್ರು" ಅಂದರು.

ಮಾಸ್ಟರ್ ಉಳಿದರು. ಜಿಮ್ ಉಳಿಯಲಿಲ್ಲ. ಬಾಡಿಗೆ ಕಟ್ಟಲಾಗದೆ ಯಂತ್ರಗಳನ್ನು ಮಾರಿದರು. ವಾಟ್ಸಾಪ್ ಗುಂಪಿನಲ್ಲಿ ನನಗೆ ಕೈಮುಗಿಯುವ ಚಿತ್ರಗಳು ಬಂದವು. "ಮೇಡಂ ಇಲ್ಲದಿದ್ರೆ ಮಾಸ್ಟರ್ ಇರ್ತಿರಲಿಲ್ಲ" ಎಂದು ಒಬ್ಬರು ಬರೆದರು. ಮಾಸ್ಟರ್ ಹೆಂಡತಿ ಫೋನಿನಲ್ಲಿ ಅತ್ತು, ದೇವರ ಹಾಗೆ ಇದ್ದಿರಿ ಎಂದರು. ನಾನು ಇಲ್ಲ ಎನ್ನಲಿಲ್ಲ. ನಾನು ನಿಜ ಹೇಳಲು ಹೋದಾಗ ಒಂದಿಬ್ಬರು ಗೆಳತಿಯರೂ, ಆ ಕಾಲದಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು, ಮನೆಯಲ್ಲಿ ವಯಸ್ಸಾದವರಿರಲಿಲ್ಲವೇ ಎಂದು ನನ್ನ ಬಾಯಿ ಮುಚ್ಚಿಸಿದರು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ. ಮಲಗಿದರೆ ಆ ಬಲಗೈ ಲಾಡಿ ಹುಡುಕುವುದು ಕಾಣುತ್ತಿತ್ತು. ನಿದ್ದೆ ಹತ್ತಿದರೂ ನಡುವೆ ಎಚ್ಚರವಾಗಿ, ಎದ್ದು ಹೋಗಿ ಗೇಟಿಗೆ ಬೀಗ ಹಾಕಿದೆಯೇ ಎಂದಲ್ಲ, ತೆಗೆದಿದೆಯೇ ಎಂದು ನೋಡುತ್ತಿದ್ದೆ.

ಎರಡನೇ ಅಲೆಯೂ ಮುಗಿದು ಊರು ತೆರೆದ ಮೇಲೆ ಹನುಮಂತನಗರದಲ್ಲಿದ್ದ ಮಾಸ್ಟರ್ ಮನೆಗೆ ಹೋದೆ. ಮುಂದಿನ ಪಡಸಾಲೆಯಲ್ಲಿ ಇಬ್ಬರು ವಯಸ್ಸಾದ ಹೆಂಗಸರಿಗೆ ಕುರ್ಚಿಯಲ್ಲಿ ಕೂತೇಳುವುದನ್ನು ಹೇಳಿಕೊಡುತ್ತಿದ್ದರು. ಮಾಸ್ಟರ್ ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಏನಮ್ಮ, ಇನ್ನೂ ಏನಾದ್ರೂ ಕ್ಯಾನ್ಸಲ್ ಮಾಡೋದಿದ್ಯಾ?"

ಆ ಹೆಂಗಸರು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ. ಮೆಸೇಜ್ ಹಾಕಿದ್ದು, ಬೀಗದ ಕೈ ಹಾಕಿಯೂ ತಿರುಗಿಸದೆ ನಿಂತದ್ದು, ಎಲ್ಲ.

"ಗೊತ್ತು" ಅಂದರು. "ನಾನು ಅಲ್ಲೇ ಕೂತು ನೋಡ್ತಿದ್ನಲ್ಲ."

ಅದು ನನಗೆ ಹೊಳೆದಿರಲೇ ಇಲ್ಲ. ಅವರು ನನ್ನ ಕೈಯನ್ನು ನೋಡುತ್ತಿದ್ದರು.

"ಎಲ್ಲರೂ ತಪ್ಪಿಲ್ಲ ಅಂತಾರೆ ಮಾಸ್ಟರ್."

ಅವರು ಹೆಂಡತಿ ತಂದಿಟ್ಟ ಕಾಫಿಯನ್ನು ನನ್ನ ಕಡೆಗೆ ಸರಿಸಿದರು.

"ಹೆದರ್ಕೊಂಡ್ರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಏನ್ ಮಾಡ್ತಿದ್ನೋ ಹೇಳಕ್ಕಾಗಲ್ಲ. ಆದ್ರೂ ತಪ್ಪೇ ಅದು. ನೀರು ಕೇಳ್ದೋರಿಗೆ ಮೊದ್ಲು ನೀರು ಕೊಡ್ಬೇಕಿತ್ತು." ಆಮೇಲೆ, "ಕುಡೀರಿ, ಆರೋಗತ್ತೆ" ಅಂದರು.

ಮುಂದೆ ಮೂರು ವರ್ಷ, ಅವರು ಬೇರೆ ಕಾಯಿಲೆಯಲ್ಲಿ ತೀರಿಕೊಳ್ಳುವವರೆಗೆ, ವಾರಕ್ಕೆರಡು ಸಲ ಆ ಪಡಸಾಲೆಗೆ ಹೋಗಿ ಬೈಸಿಕೊಂಡು ಬಂದೆ. ಆ ವಿಷಯವನ್ನು ಅವರು ಇನ್ನೊಮ್ಮೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಾದ ಮೇಲೆ ತಪ್ಪನ್ನು ತಪ್ಪು ಎಂದು ನನ್ನೆದುರಿಗೆ ಹೇಳಿದವರು ಅವರೊಬ್ಬರೇ, ಹೇಳುವ ಹಕ್ಕಿದ್ದವರೂ ಅವರೊಬ್ಬರೇ. ಅವರ ಮನೆಯಲ್ಲಿ ಕಾಫಿ ಕುಡಿದು ಬಂದ ಆ ಮೊದಲ ದಿನ ರಾತ್ರಿ ಊಟ ಮಾಡಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆ, ಹಾಲಿನವನು ಗೇಟು ತಟ್ಟಿದಾಗ.