ಬೇವಿನ ಮರದಿಂದ ದೇವರನ್ನು ಇಳಿಸಿದ್ದು

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ದಿನಾ ಮುಕ್ಕಾಲು ಗಂಟೆ ನಡೆಯದಿದ್ದರೆ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಸಾರನಾಥದ ನಮ್ಮ ಮನೆಯ ಹಿಂದೆ ಹಳೆಯ ಮಾವಿನ ತೋಪೊಂದಿದೆ. ಬೀದಿಯಲ್ಲಿ ಆಟೋಗಳ ಕಾಟ, ಹಾಗಾಗಿ ಅವಳು ನಡೆಯುತ್ತಿದ್ದದ್ದು ಅಲ್ಲೇ. ನಾನು ಪುರೋಹಿತ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಕ್ಕದ ಕಾಶಿಯ ಘಾಟಿನಲ್ಲಿ ಪಿಂಡ ಹಾಕಿಸಿ, ಮಧ್ಯಾಹ್ನ ಮನೆಗೆ ಬಂದು ಮಲಗುವವನು. ನಡೆಯುವ ಉಸಾಬರಿ ನನಗಿರಲಿಲ್ಲ.

ಆ ತೋಪಿಗೆ ಕಸ ಸುರಿಯುವವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಥರ್ಮಾಕೋಲ್ ತಟ್ಟೆ, ಗುಟ್ಕಾ ಚೀಟಿ, ಮಕ್ಕಳ ಡೈಪರು. ಗುಡಿಸುವಾಕೆ ಬೆಳಿಗ್ಗೆ ಎತ್ತಿದರೆ ಸಂಜೆಗೆ ಮತ್ತೆ ಅಷ್ಟೇ. ಕಸ ಹಾಕಬೇಡಿ ಎಂದು ಹಿಂದಿಯಲ್ಲಿ ಬರೆದು ಹಲಗೆ ನೆಟ್ಟೆ. ಹಲಗೆಯ ಬುಡಕ್ಕೇ ಸುರಿದರು. ಹೆಂಡತಿ ಮೂಗು ಮುಚ್ಚಿಕೊಂಡು ನಾಲ್ಕು ದಿನ ನಡೆದಳು. ಐದನೆಯ ದಿನ ಚಪ್ಪಲಿ ತೊಳೆದಿಟ್ಟು, "ನಾನಿನ್ನು ಹೋಗಲ್ಲ ರೀ" ಅಂದಳು.

ಆಗ ನನ್ನ ತಲೆ ಓಡಿತು. ಮನೆಯಲ್ಲಿ ಗಾಜು ಬಿರುಕು ಬಿಟ್ಟ ಶಿವನ ಪಟವೊಂದಿತ್ತು. ಅಂಥದ್ದನ್ನು ಮನೆಯಲ್ಲಿ ಇಡಬಾರದು, ಕಸದ ಗಾಡಿಗೆ ಹಾಕುವಂತೆಯೂ ಇಲ್ಲ. ಅದನ್ನು ಒಯ್ದು ತೋಪಿನ ಅಂಚಿನ ಬೇವಿನ ಮರಕ್ಕೆ ನೇತುಹಾಕಿದೆ. ದೇವರ ಕಣ್ಣೆದುರು ಯಾರು ತಾನೇ ಕಸ ಸುರಿದಾರು? ಸ್ವಾಮಿಕಾರ್ಯ ಸ್ವಕಾರ್ಯ ಎರಡೂ ಆಯಿತೆಂದು ಹಿಗ್ಗಿದೆ.

ತಟ್ಟೆ ಬೀಳುವುದು ನಿಜಕ್ಕೂ ಕಡಿಮೆಯಾಯಿತು. ಮೂರನೆಯ ದಿನ ಯಾರೋ ಊದುಬತ್ತಿ ಹಚ್ಚಿದ್ದರು. ವಾರ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಬಾಡಿದ ಹೂವು, ತೆಂಗಿನ ಕರಟ, ದೇವರ ಚಿತ್ರವಿದ್ದ ಹಳೇ ಕ್ಯಾಲೆಂಡರು, ಕೈ ಮುರಿದ ಮಣ್ಣಿನ ಲಕ್ಷ್ಮಿ ಎಲ್ಲವೂ ಬಂದವು. ಊರಿನವರ ಮನೆಗಳಲ್ಲೂ ಬಿರುಕು ಬಿಟ್ಟ ಪಟಗಳಿದ್ದವು. ತಿಂಗಳೊಳಗೆ ರಾಶಿ ನನ್ನ ಸೊಂಟದವರೆಗೆ ಬೆಳೆಯಿತು. ಗುಡಿಸುವಾಕೆ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದಳು. "ಪಂಡಿತ್‌ಜೀ, ಯೇ ಭಗವಾನ್ ಕಾ ಸಾಮಾನ್ ಹೈ." ದೇವರ ಸಾಮಾನು ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ.

ಅಷ್ಟರಲ್ಲಿ ಹೆಂಡತಿಯ ರಕ್ತಪರೀಕ್ಷೆಯ ಚೀಟಿ ಬಂತು. ನಡಿಗೆ ನಿಂತದ್ದರಿಂದ ಸಕ್ಕರೆ ಏರಿತ್ತು. ಓದಿದವಳೇ ಚೀಟಿಯನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ತುರುಕಿದಳು. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಸೋಮವಾರಕ್ಕೊಮ್ಮೆ ಬೇವಿನ ಬುಡದಲ್ಲಿ ಪೂಜೆಯೂ ಶುರುವಾಗಿತ್ತು. ಮುಂದಿನ ಸೋಮವಾರ ಜನ ಸೇರುವ ಹೊತ್ತಿಗೆ ಮಡಿಯುಟ್ಟು ತೋಪಿಗೆ ಹೋದೆ. ದೇವರನ್ನು ಕರೆದವರು ಕಳಿಸಿಕೊಡಲೂಬೇಕು. ಅದಕ್ಕೇ ವಿಸರ್ಜನೆ ಇರುವುದು. ಆದರೆ ಆ ಪಟಕ್ಕೆ ನಾನು ದೇವರನ್ನು ಕರೆದೇ ಇರಲಿಲ್ಲ. ಕರೆಯದೆ ಬಂದವರನ್ನು ಕಳಿಸುವ ಮಂತ್ರ ನನ್ನ ಪುಸ್ತಕದಲ್ಲಿಲ್ಲ. ಇದ್ದ ಮಂತ್ರವನ್ನೇ ಹೇಳಿದೆ. ಅಕ್ಷತೆ ಹಾಕಿ, ಪಟವನ್ನು ಉತ್ತರಕ್ಕೆ ತುಸು ಕದಲಿಸಿ, ದೇವರು ಹೊರಟರು ಎಂದು ಹಿಂದಿಯಲ್ಲಿ ಸಾರಿದೆ. ಜನ ಚದುರುವ ಮೊದಲೇ ಇನ್ನೊಂದು ಮಾತು ಸೇರಿಸಿದೆ: ಇಲ್ಲಿ ಉಳಿದದ್ದೆಲ್ಲ ಪ್ರಸಾದ, ಮನೆಗೆ ಒಯ್ಯಬೇಕು.

ಕಾಶಿಯಲ್ಲಿ ಪ್ರಸಾದ ಬೇಡ ಅಂದವರನ್ನು ನಾನು ಕಂಡಿಲ್ಲ. ಒಬ್ಬೊಬ್ಬರಿಗೂ ಎರಡೆರಡು ಚೀಲ ಕೊಟ್ಟೆ. ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನಿವೃತ್ತ ಮೇಷ್ಟ್ರೊಬ್ಬರು ತಾವೇ ತಂದಿಟ್ಟಿದ್ದ ಕ್ಯಾಲೆಂಡರನ್ನು ಗುರುತಿಸಿ ನನ್ನ ಮುಖ ನೋಡಿ, ಅದನ್ನು ಸುರುಳಿ ಸುತ್ತಿಕೊಂಡು ಹೊರಟರು.

ಪಟ ನನ್ನ ಪಾಲಿಗೆ ಬಂತು. ಹೆಂಡತಿ ಬಾಗಿಲಲ್ಲೇ ತಡೆದಳು.

"ಇದು ಮನೇಲಿ ಇರಬಾರದು ಅಂದೋರು ನೀವೇ ಅಲ್ವಾ?"

"ಹೌದು ಕಣೇ. ಇನ್ನೆಲ್ಲಿ ಇಡ್ಲಿ?"

"ಗಾಜು ಹಾಕ್ಸಿ."

ಇಷ್ಟು ವರ್ಷ ಪೌರೋಹಿತ್ಯ ಮಾಡಿದವನಿಗೆ ಅದು ಹೊಳೆದಿರಲಿಲ್ಲ. ಗಾಜಿನ ಅಂಗಡಿಯವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಾಕಿಕೊಟ್ಟ.

ತೋಪಿನಲ್ಲಿ ತಟ್ಟೆಗಳು ಈಗಲೂ ಅಲ್ಲೊಂದು ಇಲ್ಲೊಂದು ಬೀಳುತ್ತವೆ. ಗುಡಿಸುವಾಕೆ ಎತ್ತುತ್ತಾಳೆ, ಅವುಗಳಲ್ಲಿ ದೇವರಿಲ್ಲ. ಪಟಗಳನ್ನು ಮಾತ್ರ ಯಾರೂ ತರುತ್ತಿಲ್ಲ, ಪ್ರಸಾದದ ನೆನಪಿರಬೇಕು. ಹೆಂಡತಿ ಮತ್ತೆ ನಡೆಯುತ್ತಾಳೆ, ಡಾಕ್ಟರು ಸದ್ಯಕ್ಕೆ ಸೂಜಿಯ ಮಾತೆತ್ತಿಲ್ಲ. ಯಾತ್ರಿಕರಿಲ್ಲದ ದಿನ ಅವಳ ಜೊತೆ ನಾನೂ ಹೊರಡುತ್ತೇನೆ. ಅವಳು ಗೋಡೆಯ ಮೇಲಿನ ಪಟಕ್ಕೆ ಕೈಮುಗಿದು, ಬಾಗಿಲು ದಾಟುವ ಮೊದಲು ನನ್ನ ಎರಡೂ ಕೈ ನೋಡುತ್ತಾಳೆ, ಖಾಲಿ ಇವೆಯೋ ಇಲ್ಲವೋ ಎಂದು.