ಅಡುಗೆಮನೆಯ ಬ್ಯಾಟರಿ

ಟ್ಯಾಕ್ಸಿ ಓಡಿಸುವ ಆ ಮನುಷ್ಯನಷ್ಟು ಗರ್ವಿಷ್ಠ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಇದು ಅವನ ಹೆಂಡತಿಯ ತೀರ್ಮಾನ. ಇಪ್ಪತ್ತೆರಡು ಚಳಿಗಾಲ ಅವನ ಜೊತೆ ಏಗಿದವಳ ಮಾತನ್ನು ತಳ್ಳಿಹಾಕುವಂತಿಲ್ಲ.

ಚಳಿ ಬಿತ್ತೆಂದರೆ ಅವನು ಪ್ರತಿ ಸಂಜೆ ಕಾರಿನ ಬ್ಯಾಟರಿ ಬಿಚ್ಚಿ, ಮೂರು ಮಹಡಿ ಹೊತ್ತು ತಂದು, ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂರಿಸುತ್ತಿದ್ದ. ಬೆಳಿಗ್ಗೆ ಆರಕ್ಕೆ ಮತ್ತೆ ಹೊತ್ತು ಇಳಿಯುತ್ತಿದ್ದ. ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಮೊದಮೊದಲು ಜಗಳವಾಡಿದಳು, ಆಮೇಲೆ ಅದಕ್ಕೂ ತ್ರಾಣವಿಲ್ಲದೆ, ದಾಟಿಕೊಂಡು ಓಡಾಡುವುದನ್ನು ಕಲಿತಳು.

ಕೇಳಿದವರಿಗೂ ಕೇಳದವರಿಗೂ ಅವನದು ಒಂದೇ ಪಾಠ: ಚಳಿಯಲ್ಲಿ ಇಂಜಿನ್ ಎಣ್ಣೆ ಗಟ್ಟಿಯಾಗುತ್ತದೆ, ತಿರುಗಿಸಲು ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ಬ್ಯಾಟರಿಯ ಕಸುವು ಕುಗ್ಗಿರುತ್ತದೆ. ಉಣ್ಣುವವನ ಹಸಿವು ದೊಡ್ಡದು, ಬಡಿಸುವವನ ಪಾತ್ರೆ ಖಾಲಿ. ಇಷ್ಟು ಗೊತ್ತಿದ್ದೂ ಬ್ಯಾಟರಿಯನ್ನು ಹೊರಗೆ ಬಿಟ್ಟು ಮಲಗುವವರು ಶುದ್ಧ ಸೋಮಾರಿಗಳು. ತನ್ನ ಕಾರು ಒಂದು ದಿನವೂ ಕೈಕೊಟ್ಟಿಲ್ಲವೆಂದು ಬಿರುದಿನಂತೆ ಹೇಳಿಕೊಳ್ಳುತ್ತಿದ್ದ. ಒಂದು ಕಾರಿನಿಂದ ಇನ್ನೊಂದಕ್ಕೆ ಕರೆಂಟು ಕೊಡುವ ತಂತಿಯನ್ನು ಬೇಕೆಂದೇ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡರೆ ಬೀದಿಯ ಸೋಮಾರಿಗಳೆಲ್ಲ ಬಾಗಿಲು ಬಡಿಯುತ್ತಾರಂತೆ.

ಕೆಳಗಿನ ಮನೆಯಲ್ಲಿದ್ದವಳು ನರ್ಸ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟುವ ಕೆಲಸ, ಕಾರಿಲ್ಲದೆ ನಡೆಯದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳು ಎರಡು ಸಲ ತಡವಾಗಿತ್ತು. ಮೂರನೆಯದಾದರೆ ಬರುವುದೇ ಬೇಡವೆಂದು ಮೇಲಿನವರು ಬರೆದು ಕೊಟ್ಟಿದ್ದರು.

ಆ ಬೆಳಿಗ್ಗೆ ಅವಳ ಕಾರು ನಾಲ್ಕು ಸಲ ನರಳಿ, ಆಮೇಲೆ ಬರೀ ಟಿಕ್ ಟಿಕ್ ಎಂದಿತು. ಟ್ಯಾಕ್ಸಿಯವನು ಬ್ಯಾಟರಿ ಹೊತ್ತು ಇಳಿದ. ಇವನು ಆ ಹುಡುಗಿಯ ಜೀವ ಹಿಂಡುತ್ತಾನೆಂದು ಹೆಂಡತಿಯೂ ಮಂಡಿ ಹಿಡಿದುಕೊಂಡು ಹಿಂದೆಯೇ ಇಳಿದಳು.

"ಎಷ್ಟು ಸಲ ತಿರುಗಿಸಿದೆ?" ಎಂದ.

"ಎಣಿಸಿಲ್ಲಣ್ಣ. ಹತ್ತಿಪ್ಪತ್ತು ಸಲ ಇರಬಹುದು."

"ಇದ್ದ ಉಸಿರನ್ನೂ ತೆಗೆದೆ. ಬಿಚ್ಚಿ ಒಳಗಿಡು ಅಂತ ನಿನ್ನೆನೇ ಹೇಳಿರ್ಲಿಲ್ವಾ?"

"ರಾತ್ರಿ ಬಂದಾಗ ಚಪ್ಪಲಿ ಬಿಚ್ಚೋಕೂ ಆಗ್ಲಿಲ್ಲಣ್ಣ. ಬ್ಯಾಟರಿ ಎಲ್ಲಿಂದ ಬಿಚ್ಚಲಿ?" ಅವಳು ಅಳಲಿಲ್ಲ. ಅಳುವುದಕ್ಕೂ ನಿದ್ದೆಯಾಗಿರಬೇಕು.

ಹೆಂಡತಿ ಗಂಡನ ಮುಖ ನೋಡಿದಳು. "ರೀ, ತಳ್ಳಿ ನೋಡೋಣ್ವಾ?"

"ತಳ್ಳಿ ಎಬ್ಬಿಸಿದ್ರೂ ಮೊದಲ ರೋಗಿ ಮನೆ ಮುಂದೆ ನಿಲ್ಲಿಸಿದ್ರೆ ಮತ್ತೆ ಏಳಲ್ಲ," ಎಂದ.

ಆರೂವರೆಗೆ ಅವನ ದಿನನಿತ್ಯದ ಗಿರಾಕಿ, ನಿವೃತ್ತ ಹೆಡ್‌ಮಾಸ್ಟರು, ತಮ್ಮ ಮನೆಯ ಗೇಟಿನಲ್ಲಿ ಕಾಯುತ್ತಿರುತ್ತಾರೆ. ಸೋಮಾರಿಗಳ ಕುರಿತ ಪಾಠವನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವರು ಅವರೇ. ಅವನು ಸ್ಪ್ಯಾನರ್ ತೆಗೆದು, ನರ್ಸಿನ ಕಾರಿನ ಸತ್ತ ಬ್ಯಾಟರಿಯನ್ನು ಎತ್ತಿ ನೆಲಕ್ಕಿಟ್ಟು, ಆ ಜಾಗದಲ್ಲಿ ತನ್ನದನ್ನು ಕೂರಿಸಿ ಬಿಗಿದ. ಕಾರು ಒಂದೇ ಏಟಿಗೆ ಎದ್ದಿತು. ಅವಳು ಏನೋ ಹೇಳಲು ಬಾಯಿ ತೆರೆದಳು; ಅವನು ಹೊರಡು ಎಂದು ಕೈಬೀಸಿದ.

ಕಾರು ತಿರುವು ದಾಟಿದ ಮೇಲೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿದ.

"ಸಾರ್, ಇವತ್ತು ಬರೋಕಾಗಲ್ಲ. ಗಾಡಿ ಸ್ಟಾರ್ಟ್ ಆಗ್ತಿಲ್ಲ."

ಆ ಕಡೆಯ ನಗು ಹೆಂಡತಿಗೂ ಕೇಳಿಸಿತು. ಅದು ಮುಗಿಯುವವರೆಗೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಹೌದು ಸಾರ್, ಬ್ಯಾಟರಿ ಹೊರಗೇ ಬಿಟ್ಟು ಮಲಗಿದ್ದೆ," ಎಂದ. "ಸೋಮಾರಿತನ ಸಾರ್."